ಹಳೆಯ ಟ್ರಾಕ್ಟರುಗಳ ರೂಪ ಮತ್ತು ನಡೆ

ಕೆಲವು ವರ್ಷಗಳ ಹಿಂದೆ ಭಕ್ತರೊಬ್ಬರ ಆಹ್ವಾನದ ಮೇರೆಗೆ ನಾವು ಅಮೆರಿಕದ ಅಯೋವಾ ರಾಜ್ಯಕ್ಕೆ ಹೋಗಿದ್ದೆವು. ನಾವು ಒಕ್ಕಲುತನದ ಮನೆಯಲ್ಲಿ ಹುಟ್ಟಿದವರೆಂಬುದನ್ನು ಬಲ್ಲ ಅವರು, ಒಂದು ಮುಂಜಾನೆ ಹಳೆಯ ಟ್ರಾಕ್ಟರುಗಳ ಪ್ರದರ್ಶನಕ್ಕೆ ಕರೆದೊಯ್ದರು.

ಅಲ್ಲಿ ಮೂರು ಯಂತ್ರಗಳ ಬಳಿ ನಾವು ಬಹಳ ಹೊತ್ತು ನಿಂತೆವು. ಮೊದಲನೆಯದು ಅದೇ ರಾಜ್ಯದ ವಾಟರ್‌ಲೂ ನಗರದಲ್ಲಿ ತಯಾರಾದ ಹಸಿರು ಬಣ್ಣದ ಜಾನ್ ಡಿಯರ್ 'ಎ'. 1938ರಲ್ಲಿ ಹೆನ್ರಿ ಡ್ರೈಫಸ್ ಎಂಬ ವಿನ್ಯಾಸಕಾರರು ಇದರ ಬರಿಯ ರೇಡಿಯೇಟರಿಗೆ ಜಾಲರಿಯ ಮುಖ ತೊಡಿಸಿ, ಚಾಲಕನಿಗೆ ಬೆಳೆಯ ಸಾಲು ಕಾಣಲೆಂದು ಮೂತಿಯನ್ನು ಕಿರಿದುಗೊಳಿಸಿದರು. ಕ್ಲಚ್ಚು ಇರುವುದು ಕಾಲಿಗಲ್ಲ, ಕೈಗೆ, ನಿಂತುಕೊಂಡೇ ನಡೆಸಬಹುದು. ಎರಡೇ ಸಿಲಿಂಡರುಗಳಾದ್ದರಿಂದ ಬಿಟ್ಟುಬಿಟ್ಟು ಗುಡುಗುವ ಸದ್ದು. ಎರಡನೆಯದು 1939ರ ಕೆಂಪು ಫಾರ್ಮಾಲ್ 'ಎಚ್'. ರೂಪ ಕೊಟ್ಟವರು ರೇಮಂಡ್ ಲೋವಿ. ನಾಲ್ಕು ಸಿಲಿಂಡರುಗಳ ಮೃದುವಾದ ಓಟ. ಚೆಲುವಿಗೆ ಬಹುಮಾನ ಕೊಡುವುದಾದರೆ ನಾವು ಇದಕ್ಕೇ ಕೊಡುತ್ತಿದ್ದೆವು.

ಮೂರನೆಯದು, ಅದೇ 1939ರ ಫೋರ್ಡ್ 9ಎನ್. ಬೂದು ಬಣ್ಣ, ಗಿಡ್ಡ ಮೈ. ಕುದುರೆಯ ಮೇಲೆ ಕುಳಿತಂತೆ ಎರಡೂ ಬದಿಗೆ ಕಾಲು ಚಾಚಿ ಕೂಡಬೇಕು. ನೋಟಕ್ಕೆ ಸಾಧಾರಣ. ಆದರೆ ಇದರ ಹಿಂಭಾಗದಲ್ಲಿ ಐರ್ಲೆಂಡಿನ ಹ್ಯಾರಿ ಫರ್ಗುಸನ್ನರ ಮೂರು ಕೊಂಡಿಗಳ ಜೋಡಣೆಯಿದೆ. (1938ರಲ್ಲಿ ಫೋರ್ಡರೂ ಅವರೂ ಬರೆಹವಿಲ್ಲದೆ, ಬರಿಯ ಕೈಕುಲುಕಿ ಒಪ್ಪಂದ ಮಾಡಿಕೊಂಡರು, ಮುಂದೆ ಆ ಮಾತು ಮುರಿದು ವ್ಯಾಜ್ಯವಾಗಿ, 1952ರಲ್ಲಿ ರಾಜಿಯಾಯಿತು.) ಕೆಳಗಿನ ಎರಡು ಕೊಂಡಿಗಳು ನೇಗಿಲನ್ನು ಎಳೆಯುತ್ತವೆ, ಮೇಲಿನದು ನೇಗಿಲಿನ ಪ್ರತಿರೋಧವನ್ನೇ ಬಳಸಿ ಮುಂಗಾಲಿಗಳನ್ನು ನೆಲಕ್ಕೆ ಒತ್ತಿ ಹಿಡಿಯುತ್ತದೆ. ನೇಗಿಲು ಕಲ್ಲಿಗೆ ಸಿಕ್ಕರೆ ಹಿಂಗಾಲಿಗಳು ನಿಂತಲ್ಲೇ ತಿರುಗುವವೇ ಹೊರತು, ಯಂತ್ರ ಹಿಮ್ಮುಖವಾಗಿ ಮಗುಚುವುದಿಲ್ಲ.

ಆ ಕೊಂಡಿಯ ಮೇಲೆ ಕೈಯಿಟ್ಟಾಗ ನಮಗೆ 1979ರ ಬೇಸಿಗೆ ನೆನಪಾಯಿತು. ನಾವಾಗ ಮಠದಲ್ಲಿ ಓದುತ್ತ ಅದರ ಎರೆಹೊಲದ ಉಸ್ತುವಾರಿ ನೋಡುತ್ತಿದ್ದೆವು. ಜಾಲಿಯ ಬೊಡ್ಡೆಯೊಂದನ್ನು ಕೀಳಬೇಕಿತ್ತು. ಚಾಲಕರು ಸರಪಳಿಯನ್ನು ಟ್ರಾಕ್ಟರಿನ ಕೆಳಗಿನ ಪಟ್ಟಿಗೆ ಕಟ್ಟಿದ್ದರು. ಎತ್ತರಕ್ಕೆ ಕಟ್ಟಿದರೆ ಬೊಡ್ಡೆ ಸುಲಭವಾಗಿ ಏಳುವುದೆಂದು ಹೇಳಿದವರು ನಾವೇ. ಅವರು ಒಮ್ಮೆ ನಮ್ಮ ಮುಖ ನೋಡಿ, ಹೇಳಿದಂತೆ ಅಚ್ಚಿನ ಮೇಲ್ಭಾಗಕ್ಕೆ ಕಟ್ಟಿದರು. ಬೊಡ್ಡೆ ಅಲುಗಲಿಲ್ಲ, ಮುಂಗಾಲಿಗಳು ಮೇಲೆದ್ದವು. ಅವರು ಪಕ್ಕಕ್ಕೆ ಹಾರಿದ್ದರಿಂದ ಜೀವ ಉಳಿಯಿತು, ಎಡಗಾಲು ಉಳಿಯಲಿಲ್ಲ.

ಆಮೇಲೆ ಅವರು ಇಪ್ಪತ್ತು ವರ್ಷ ಮಠದ ಉಗ್ರಾಣ ನೋಡಿಕೊಂಡರು. ಯಾರು ಕೇಳಿದರೂ, "ಸರಪಳಿ ಕಟ್ಟುವಾಗ ನಾನೇ ತಪ್ಪಿದೆ, ಬುದ್ಧಿ" ಎನ್ನುತ್ತಿದ್ದರು. ನಾವು ಎದುರಿಗಿದ್ದಾಗಲೂ ಹಾಗೆಯೇ ಎನ್ನುತ್ತಿದ್ದರು, ನಾವು ಸುಮ್ಮನಿರುತ್ತಿದ್ದೆವು.