ತಂಗಿಯ ಪಟ್ಟಿ

ವಾರ್ಷಿಕ ಸಂಚಿಕೆಗೆ ಏನಾದರೂ ಬರೆದುಕೊಡಬೇಕೆಂದು ನಮ್ಮ ಕನ್ನಡ ಅಧ್ಯಾಪಕರು ಹೇಳಿದಾಗ, ಅಂತರಗಂಗೆಯ ಪ್ರವಾಸವನ್ನೋ ಮಳೆಗಾಲದ ಒಂದು ಸಂಜೆಯನ್ನೋ ವರ್ಣಿಸಿ ಕೊಟ್ಟುಬಿಡೋಣವೆಂದು ಕುಳಿತೆ. ಎರಡು ಸಾಲಿನ ಮುಂದೆ ಲೇಖನಿ ಸಾಗಲಿಲ್ಲ. ಮನಸ್ಸೆಲ್ಲ ಒಂದು ಪಟ್ಟಿಯ ಮೇಲಿದ್ದಿತು. ಈ ವರ್ಷ ನಮ್ಮ ಮನೆಯಲ್ಲಿ ಯಾವ ಮಾತು ಎಲ್ಲಿಂದ ಹೊರಟರೂ, ಮಾರಿಕುಪ್ಪಮ್ಮಿನಿಂದ ಹೊರಟ ರೈಲು ಬಂಗಾರಪೇಟೆಗೆ ಬಂದೇ ಬರುವಂತೆ, ಕೊನೆಗೆ ಆ ಪಟ್ಟಿಗೇ ಬಂದು ನಿಲ್ಲುತ್ತದೆ. ಆದುದರಿಂದ ಅದನ್ನೇ ಬರೆಯುತ್ತೇನೆ. ವಾಚಕರು ಕ್ಷಮಿಸಬೇಕು.

ನನ್ನ ತಂಗಿ ಹೋದ ವರ್ಷ ದ್ವಿತೀಯ ಪಿ.ಯು.ಸಿ. ಮುಗಿಸಿ, ವೈದ್ಯಕೀಯ ಪ್ರವೇಶಕ್ಕಾಗಿ ನೀಟ್ ಪರೀಕ್ಷೆ ಬರೆದಳು. ತೇರ್ಗಡೆಯಾದಳು, ಸೀಟು ಸಿಕ್ಕಲಿಲ್ಲ. ತೇರ್ಗಡೆಯಾಗುವುದಕ್ಕೂ ಸೀಟು ಸಿಕ್ಕುವುದಕ್ಕೂ ನಡುವೆ ಇರುವ ಅಂತರ ನಮ್ಮಂತಹ ಮನೆಗಳಿಗೆ ಸುಲಭವಾಗಿ ತಿಳಿಯುವಂತಹುದಲ್ಲ. "ಪಾಸಾದಳಂತೆ, ಮತ್ತೆ ಯಾಕೆ ಮನೇಲೇ ಇದಾಳೆ?" ಎಂದು ಹಾಲಿನ ಡೈರಿಯ ಬಳಿ ಕೇಳಿದವರಿಗೆ ಅಮ್ಮ ಏನು ಹೇಳಬೇಕೋ ತಿಳಿಯದೆ, ಕ್ಯಾನು ಎತ್ತಿಕೊಂಡು ಬಂದುಬಿಡುತ್ತಿದ್ದಳು. ಸೀಟು ತಪ್ಪಿದುದಕ್ಕೆ ಹತ್ತು ಕಾರಣಗಳನ್ನು ಹತ್ತು ಜನ ಹೇಳಿದರು. ನಿಜವಾದ ಕಾರಣ ನಾನು. ಅದನ್ನು ಒಪ್ಪಿಕೊಳ್ಳುವುದಕ್ಕೇ ಇಷ್ಟು ಪೀಠಿಕೆ.

ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಅಪ್ಪ ಗಾರೆ ಕೆಲಸದವರು. ಬಂಗಾರಪೇಟೆಯಿಂದ ಬೆಳಗಿನ ರೈಲಿನಲ್ಲಿ ಬೆಂಗಳೂರಿಗೆ ಹೋಗಿ ರಾತ್ರಿ ಹಿಂದಿರುಗುತ್ತಾರೆ. ಮನೆಗೆ ಬಂದ ಕಾಗದವೆಲ್ಲ, ಅದು ಪಹಣಿಯಾಗಲಿ ಬ್ಯಾಂಕಿನ ನೋಟೀಸಾಗಲಿ, ನೇರವಾಗಿ ನನ್ನ ಕೈಗೆ ಬರುತ್ತದೆ. "ಅವನಿಗೆ ಗೊತ್ತು, ಬಿ.ಎ. ಓದ್ತಾ ಇದಾನೆ" ಎಂಬುದು ಅಪ್ಪನ ನಂಬಿಕೆ. ಇತಿಹಾಸ, ಅರ್ಥಶಾಸ್ತ್ರ ಓದುವವನಿಗೆ ವೈದ್ಯಕೀಯ ಸೀಟಿನ ವಿಷಯ ಎಷ್ಟು ಗೊತ್ತಿರಲು ಸಾಧ್ಯ? ಆದರೆ 'ಗೊತ್ತಿಲ್ಲ' ಎಂದು ಹೇಳುವಷ್ಟು ವಿದ್ಯೆ ಆಗ ನನಗೆ ಬಂದಿರಲಿಲ್ಲ.

ಕರ್ನಾಟಕ ಪರೀಕ್ಷಾ ಪ್ರಾಧಿಕಾರದವರ ಪದ್ಧತಿ ವಾಸ್ತವವಾಗಿ ಸರಳ. ಪರೀಕ್ಷೆಯಲ್ಲಿ ಬಂದ ರ್ಯಾಂಕಿನಂತೆ ಅಭ್ಯರ್ಥಿಗಳು ಸಾಲಿನಲ್ಲಿ ನಿಲ್ಲುತ್ತಾರೆ. ತಮಗೆ ಬೇಕಾದ ಕಾಲೇಜುಗಳ ಹೆಸರನ್ನು ಒಂದರ ಕೆಳಗೊಂದು ಬರೆದುಕೊಡಬೇಕು. ಸರದಿ ಬಂದಾಗ ಗಣಕಯಂತ್ರ ಆ ಪಟ್ಟಿಯನ್ನು ಮೇಲಿನಿಂದ ನೋಡುತ್ತಾ ಬಂದು, ಮೊದಲು ಸೀಟು ಉಳಿದಿರುವ ಕಾಲೇಜನ್ನು ಕೊಡುತ್ತದೆ. ಪಟ್ಟಿಯಲ್ಲಿ ಬರೆಯದ ಕಾಲೇಜಿನಲ್ಲಿ ಸೀಟು ಉಳಿದಿದ್ದರೂ ಅದು ನಮ್ಮದಲ್ಲ. ಕೆಳಗೆ ಎಷ್ಟು ಹೆಸರು ಬರೆದರೂ ಮೇಲಿನ ಹೆಸರಿಗೆ ಧಕ್ಕೆಯಿಲ್ಲ.

ಕೊನೆಯ ದಿನದ ಹಿಂದಿನ ರಾತ್ರಿ, ಬಂಗಾರಪೇಟೆಯ ಒಂದು ಸೈಬರ್ ಸೆಂಟರಿನಲ್ಲಿ ನಾನು ತಂಗಿಯ ಪರವಾಗಿ ಕುಳಿತು ಆರು ಹೆಸರು ತುಂಬಿದೆ. ಬೆಂಗಳೂರು ವೈದ್ಯಕೀಯ ಕಾಲೇಜು, ಬೌರಿಂಗ್, ಮೈಸೂರು, ಚಿಕ್ಕಬಳ್ಳಾಪುರ, ಮಂಡ್ಯ, ಹಾಸನ. ಪಕ್ಕದಲ್ಲಿ ನಿಂತಿದ್ದ ಅವಳು, "ಅಣ್ಣಾ, ಕೆಳಗೆ ಇನ್ನೂ ತುಂಬಾ ಹೆಸರು ಇದಾವಲ್ಲ?" ಎಂದಳು.

"ಅಲ್ಲಿಗೆಲ್ಲ ಯಾರು ಹೋಗ್ತಾರೆ? ಕಾರವಾರ ಎಲ್ಲಿದೆ ಗೊತ್ತಾ ನಿಂಗೆ? ಸುಮ್ನಿರು" ಎಂದೆ.

ಅವಳು ಸುಮ್ಮನಾದಳು. ಎರಡನೆಯ ಸುತ್ತಿನಲ್ಲೂ ನನ್ನದು ಅದೇ ಹಟ. ಹತ್ತಿರದ್ದು ಸಿಕ್ಕೇ ಸಿಕ್ಕುತ್ತದೆಂದು ಕಾದೆ. ಸುತ್ತುಗಳು ಮುಗಿದವು. ಆಮೇಲೆ ಒಂದು ಮಧ್ಯಾಹ್ನ ನಮ್ಮ ಕಾಲೇಜಿನ ಗ್ರಂಥಾಲಯದಲ್ಲಿ ಕುಳಿತು, ಯಾವ ಕಾಲೇಜಿನಲ್ಲಿ ಯಾವ ವರ್ಗಕ್ಕೆ ಕೊನೆಯ ಸೀಟು ಯಾವ ರ್ಯಾಂಕಿಗೆ ಹೋಯಿತೆಂಬ ಪಟ್ಟಿಯನ್ನು ನೋಡಿದೆ. ಕಾರವಾರದಲ್ಲಿ ಅವಳ ವರ್ಗದ ಸೀಟು ಅವಳಿಗಿಂತ ಹಿಂದೆ ಇದ್ದವರಿಗೆ ಸಿಕ್ಕಿದ್ದಿತು.

ನಾಲ್ಕು ದಿನ ಯಾರಿಗೂ ಹೇಳಲಿಲ್ಲ. ಐದನೆಯ ದಿನ ಅವಳಿಗೆ ಹೇಳಿದೆ. ಬೈಯುತ್ತಾಳೆ, ಅಳುತ್ತಾಳೆ ಎಂದು ಕಾದೆ. ಅವಳು ರಾಗಿ ಕೇರುತ್ತಿದ್ದ ಮೊರವನ್ನು ಕೆಳಗಿಟ್ಟು, "ಕಾರವಾರದಲ್ಲಿ ಸಮುದ್ರ ಇದೆ ಅಲ್ವಾ ಅಣ್ಣ? ನಾನು ಸಮುದ್ರ ನೋಡೇ ಇಲ್ಲ" ಎಂದಳು. ಮತ್ತೆ ಮೊರ ಎತ್ತಿಕೊಂಡಳು. ಅವಳು ಬೈದಿದ್ದರೆ ನನಗೆ ಎಷ್ಟೋ ವಾಸಿಯಾಗುತ್ತಿದ್ದಿತು.

ಇವಳಿಗೆ ಡಾಕ್ಟರಾಗಬೇಕೆಂಬ ಆಸೆ ಹುಟ್ಟಿದುದು ಪುಸ್ತಕದಿಂದಲ್ಲ, ತಾತನಿಂದ. ಅಮ್ಮನ ತಂದೆ ಚಾಂಪಿಯನ್ ರೀಫ್ಸ್ ಗಣಿಯಲ್ಲಿ ಕೆಲಸಕ್ಕಿದ್ದವರು. ನೆಲದೊಳಗೆ 3 ಕಿಲೋಮೀಟರಿಗೂ ಮಿಕ್ಕ ಆಳಕ್ಕೆ ಇಳಿದಿದ್ದ ಗಣಿ ಅದು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿದಾಗ ಅವರ ಕೆಲಸ ಹೋಯಿತು. ಎದೆಯೊಳಗಿನ ಧೂಳು ಮಾತ್ರ ಉಳಿಯಿತು. ಅಲ್ಲಿ ಚಿನ್ನವಿರುವುದು ಬೆಣಚುಕಲ್ಲಿನಲ್ಲಿ. ಆ ಕಲ್ಲನ್ನು ಕೊರೆಯುವಾಗ ಏಳುವ ಸಣ್ಣ ಧೂಳು ಶ್ವಾಸಕೋಶಕ್ಕೆ ಹೋಗಿ ಕುಳಿತರೆ ಹೊರಗೆ ಬರುವುದಿಲ್ಲ. ಕಾಲಕ್ರಮದಲ್ಲಿ ಶ್ವಾಸಕೋಶವೇ ಗಟ್ಟಿಯಾಗುತ್ತದೆ. ಅದಕ್ಕೆ ಸಿಲಿಕೋಸಿಸ್ ಎಂದು ಹೆಸರು. ಭಾರತದಲ್ಲಿ ಈ ರೋಗ ಮೊಟ್ಟಮೊದಲು ವರದಿಯಾದುದು ಕೋಲಾರದ ಚಿನ್ನದ ಗಣಿಗಳಿಂದ, 1947ರಲ್ಲಿ, ಎಂದು ವೈದ್ಯಕೀಯ ಪಠ್ಯಪುಸ್ತಕದಲ್ಲಿಯೇ ಬರೆದಿದೆ. ಆ ಸಾಲನ್ನು ನನಗೆ ತೋರಿಸಿದವಳು ತಂಗಿ. ನಮ್ಮ ಊರಿನ ಹೆಸರು ದೊಡ್ಡ ಪುಸ್ತಕದಲ್ಲಿ ಬಂದಿದೆಯೆಂದು ಸಂತೋಷಪಡಬೇಕೋ ಬೇಡವೋ ಇಬ್ಬರಿಗೂ ತಿಳಿಯಲಿಲ್ಲ.

ತಾತನ ಉಬ್ಬಸ ಹೆಚ್ಚಾದ ವರ್ಷ ಅಮ್ಮ ಅವರನ್ನು ನೋಡಿಕೊಳ್ಳಲು ಚಾಂಪಿಯನ್ ರೀಫ್ಸ್‌ಗೆ ಹೋದಳು. ಐದನೆಯ ತರಗತಿಯಲ್ಲಿದ್ದ ತಂಗಿಯನ್ನೂ ಕರೆದೊಯ್ದು ಅಲ್ಲಿನ ಕನ್ನಡ ಶಾಲೆಗೆ ಸೇರಿಸಿದಳು. ಆ ಲೈನು ಮನೆಯಲ್ಲಿ, ಸೈನೈಡ್ ಗುಡ್ಡದಿಂದ ಗಾಳಿಗೆ ಧೂಳು ಬರುವ ದಿನಗಳಲ್ಲಿ ಕಿಟಕಿಗೆ ಒದ್ದೆ ಬಟ್ಟೆ ಕಟ್ಟುವುದು, ಮಾತ್ರೆ ಎಣಿಸಿ ಕೊಡುವುದು, ರಾತ್ರಿ ತಾತನ ಬೆನ್ನಿಗೆ ದಿಂಬು ಒತ್ತುವುದು, ಇವೆಲ್ಲ ಅವಳ ಕೆಲಸ. ಒಂದು ಕಾಲಕ್ಕೆ ಹೆಸರಾಗಿದ್ದ ಗಣಿ ಆಸ್ಪತ್ರೆ ಗಣಿಯೊಡನೆಯೇ ಬಾಗಿಲು ಹಾಕಿದ್ದಿತು. (2021ರಲ್ಲಿ ಕೋವಿಡ್ ಬಂದಾಗ ಊರಿನ ಸ್ವಯಂಸೇವಕರೇ ಅದರ ಧೂಳು ಗುಡಿಸಿ, ತೊಳೆದು, ಮತ್ತೆ ಹಾಸಿಗೆಗಳನ್ನು ಹಾಕಿದರು, ಅಷ್ಟು ಹೊತ್ತಿಗೆ ತಾತ ಇರಲಿಲ್ಲ.) ಆದ್ದರಿಂದ ತಾತನನ್ನು ರೈಲಿನಲ್ಲಿ ಬೆಂಗಳೂರಿನ ಬೌರಿಂಗ್ ಆಸ್ಪತ್ರೆಗೆ ಕರೆದೊಯ್ಯುತ್ತಿದ್ದರು. ಬಂಗಾರಪೇಟೆಯ ಹಳೆಯ ಹೆಸರು ಬೌರಿಂಗ್‌ಪೇಟೆ. ಎರಡೂ 1862ರಿಂದ 1870ರವರೆಗೆ ಮೈಸೂರಿನ ಕಮಿಷನರಾಗಿದ್ದ ಒಬ್ಬನೇ ಬೌರಿಂಗ್ ಸಾಹೇಬನ ಹೆಸರು. "ಬೌರಿಂಗಿನಿಂದ ಬೌರಿಂಗಿಗೆ ಹೋಗಿ ಬಂದೆವು" ಎಂದು ತಾತ ಉಸಿರು ಸಿಕ್ಕಿದಾಗ ನಗುತ್ತಿದ್ದರಂತೆ.

ಈಗ ನಿಯಮದ ವಿಷಯ. ಒಂದರಿಂದ ಹತ್ತನೆಯ ತರಗತಿಯವರೆಗೆ, ಪೂರ್ತಿ ಹತ್ತು ವರ್ಷ, ಕರ್ನಾಟಕದ ಗ್ರಾಮೀಣ ಪ್ರದೇಶದಲ್ಲಿ ಓದಿದವರಿಗೆ ಶೇಕಡಾ 15 ಸೀಟುಗಳ ಮೀಸಲಾತಿ ಇದೆ. ಕನ್ನಡ ಮಾಧ್ಯಮದಲ್ಲಿ ಹತ್ತು ವರ್ಷ ಓದಿದವರಿಗೆ ಶೇಕಡಾ 5. ತಂಗಿ ಒಂಬತ್ತು ವರ್ಷ ನಮ್ಮ ಹಳ್ಳಿಯಲ್ಲಿ ಓದಿದಳು. ಒಂದು ವರ್ಷ ಕೆ.ಜಿ.ಎಫ್.ನಲ್ಲಿ. ಕೆ.ಜಿ.ಎಫ್. ಪಟ್ಟಣ. ಹೀಗಾಗಿ ಕನ್ನಡ ಮಾಧ್ಯಮದ 'ಕೆ' ಅವಳ ಹೆಸರಿನ ಮುಂದೆ ಉಳಿಯಿತು. ಗ್ರಾಮೀಣದ 'ಆರ್' ಬರಲಿಲ್ಲ. ಯಾವ ವರ್ಷ ಅವಳಿಗೆ ಡಾಕ್ಟರಾಗುವ ಆಸೆ ಕೊಟ್ಟಿತೋ ಅದೇ ವರ್ಷ ಅವಳ ಹಕ್ಕೊಂದನ್ನು ಕಿತ್ತುಕೊಂಡಿತು. ಅಮ್ಮ ಇದಕ್ಕಾಗಿ ತನ್ನನ್ನೇ ಹಳಿದುಕೊಳ್ಳುತ್ತಾಳೆ. ನಿಯಮಕ್ಕೆ ಎಲ್ಲಾದರೊಂದು ಗೆರೆ ಇರಬೇಕಾದುದು ನ್ಯಾಯವೇ; ಆದರೆ ಆ ಗೆರೆ ನಮ್ಮ ಮನೆಯ ಹೊಸ್ತಿಲ ಮೇಲೆಯೇ ಬಿದ್ದಾಗ ನ್ಯಾಯದ ಮಾತು ಆಡುವುದು ಕಷ್ಟ.

ಈ ವರ್ಷ ಅವಳು ಮತ್ತೆ ಬರೆಯುತ್ತಾಳೆ. ಕೋಚಿಂಗಿಗೆ ಕಳುಹಿಸುವ ಶಕ್ತಿ ನಮಗಿಲ್ಲ. ಹಳೆಯ ಪುಸ್ತಕಗಳು, ಒಂದು ಮೊಬೈಲು, ದನದ ಕೊಟ್ಟಿಗೆಯ ಪಕ್ಕದ ಕೋಣೆ. 180 ಪ್ರಶ್ನೆ, 720 ಅಂಕ, ತಪ್ಪಿಗೆ ಒಂದು ಅಂಕ ಕಡಿತ. ಪರೀಕ್ಷೆ ಅವಳ ಪಾಲಿನದು. ಪಟ್ಟಿಯನ್ನಾದರೂ ಈ ಸಲ ಕೊನೆಯ ರಾತ್ರಿಗೆ ಬಿಡಬಾರದೆಂದು ಸಂಕ್ರಾಂತಿ ಕಳೆದ ಮೇಲೆ ಒಂದು ನೋಟ್‌ಬುಕ್ ಹಿಡಿದು ಕುಳಿತೆ.

ಸಲಹೆಗಳಿಗೇನೂ ಕೊರತೆ ಇರಲಿಲ್ಲ. ನಮಗೆ ಅತ್ಯಂತ ಹತ್ತಿರವಿರುವ ವೈದ್ಯಕೀಯ ಕಾಲೇಜು ಕೋಲಾರದ ಟಮಕದಲ್ಲಿದೆ. ಅದು ಡೀಮ್ಡ್ ವಿಶ್ವವಿದ್ಯಾಲಯ. ಅದರ ಸೀಟು ರಾಜ್ಯದ ಪಟ್ಟಿಯಲ್ಲಿ ಬರುವುದಿಲ್ಲ, ಅದರ ಶುಲ್ಕ ಅಪ್ಪನ ಲೆಕ್ಕದಲ್ಲಿ ಬರುವುದಿಲ್ಲ. ಬಸ್ಸಿನಿಂದ ನೋಡಿ ಮುಂದೆ ಹೋಗುತ್ತೇವೆ. ಹೊರದೇಶಕ್ಕೆ ಕಳುಹಿಸಿ ಎಂದು ಒಬ್ಬರು ಏಜೆಂಟರ ಫೋನ್ ನಂಬರನ್ನೇ ಕೊಟ್ಟುಹೋದರು. 2022ರ ಮಾರ್ಚ್ 1ರಂದು ಹಾವೇರಿ ಜಿಲ್ಲೆಯ ವೈದ್ಯವಿದ್ಯಾರ್ಥಿಯೊಬ್ಬ ಉಕ್ರೇನಿನ ಖಾರ್ಕಿವ್ ನಗರದಲ್ಲಿ ಯುದ್ಧಕ್ಕೆ ಬಲಿಯಾದ ಸುದ್ದಿ ಅಪ್ಪನಿಗೆ ಇನ್ನೂ ನೆನಪಿದೆ. ಆ ಚೀಟಿಯನ್ನು ಅವರು ಮಡಿಸಿ ಕ್ಯಾಲೆಂಡರಿನ ಹಿಂದೆ ಸಿಕ್ಕಿಸಿದರು, ಮತ್ತೆ ತೆಗೆಯಲಿಲ್ಲ. ನರ್ಸಿಂಗ್ ಸೇರಿಸಿ ಎಂದವರೂ ಉಂಟು. ಅದು ಸಣ್ಣ ವಿದ್ಯೆಯಲ್ಲ. ಈ ಸಲ ಆಗದಿದ್ದರೆ ಅದಕ್ಕೇ ಸೇರುತ್ತೇನೆಂದು ತಂಗಿ ತಾನೇ ಹೇಳಿದ್ದಾಳೆ.

ಉಳಿದವು ಸರ್ಕಾರಿ ಕಾಲೇಜುಗಳು. ರಾಯಚೂರು, ಕಲಬುರಗಿ, ಬೀದರ್, ಕೊಪ್ಪಳಗಳಲ್ಲಿ 371(ಜೆ) ವಿಧಿಯಂತೆ ಶೇಕಡಾ 70 ಸೀಟು ಆ ಭಾಗದವರಿಗೇ ಮೀಸಲು. ತಲೆಮಾರುಗಳಿಂದ ಹಿಂದೆ ಉಳಿದ ಸೀಮೆ, ಅವರಿಗೆ ಸಲ್ಲಬೇಕಾದುದೇ. ನಮ್ಮಂತಹವರಿಗೆ ಉಳಿದ ಭಾಗದಲ್ಲಿ ಅವಕಾಶ. ಚಾಮರಾಜನಗರ, ಮಡಿಕೇರಿ, ಗದಗ, ಕಾರವಾರ ಇವೆಲ್ಲ ಕಳೆದ ಹತ್ತು ಹನ್ನೆರಡು ವರ್ಷಗಳಲ್ಲಿ ಆರಂಭವಾದುವು. ಹೊಸವು ಎಂದು ಅನುಮಾನಿಸುತ್ತಿದ್ದೆ. ಆದರೆ ಇವೆಲ್ಲವೂ 1996ರಲ್ಲಿ ಸ್ಥಾಪನೆಯಾದ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಸೇರಿದವು. ಕಾರವಾರದವರೂ ಬೆಂಗಳೂರಿನವರೂ ಪಡೆಯುವುದು ಒಂದೇ ವಿಶ್ವವಿದ್ಯಾಲಯದ ಪದವಿ. ನಾಲ್ಕೂವರೆ ವರ್ಷದ ಓದು, ಒಂದು ವರ್ಷದ ಇಂಟರ್ನ್‌ಶಿಪ್ ಎಲ್ಲೆಡೆಗೂ ಒಂದೇ. ನಾವು ಗೌರವದಿಂದ ಹೆಸರು ಹೇಳುವ ಮೈಸೂರು ವೈದ್ಯಕೀಯ ಕಾಲೇಜೂ 1924ರಲ್ಲಿ ಹುಟ್ಟಿದುದು ಬೆಂಗಳೂರಿನಲ್ಲಿ. ಮೈಸೂರಿಗೆ ಬಂದುದು 1930ರಲ್ಲಿ. ಕಾಲೇಜೇ ಊರು ಬಿಟ್ಟು ಹೋಗಬಹುದಾದರೆ ವಿದ್ಯಾರ್ಥಿನಿ ಹೋಗಬಾರದೇ?

ಇಷ್ಟೆಲ್ಲ ಲೆಕ್ಕ ಹಾಕಿ ಚಂದವಾದ ಪಟ್ಟಿಯೊಂದನ್ನು ಸಿದ್ಧಮಾಡಿ, ನಮ್ಮ ಇತಿಹಾಸದ ಅಧ್ಯಾಪಕರಿಗೆ ತೋರಿಸಿದೆ. ಅವರು ಕನ್ನಡಕ ಸರಿಪಡಿಸಿಕೊಂಡು ಓದಿ, "ಚೆನ್ನಾಗಿದೆಯಪ್ಪ. ಇದನ್ನು ನಿನ್ನ ತಂಗಿ ನೋಡಿದಾಳಾ?" ಎಂದು ಕೇಳಿದರು. ನನಗೆ ನಾಲಿಗೆ ಏಳಲಿಲ್ಲ. ಹೋದ ವರ್ಷದ ತಪ್ಪನ್ನೇ, ಈ ಸಲ ಸ್ವಲ್ಪ ಹೆಚ್ಚು ಓದಿಕೊಂಡು, ಮತ್ತೆ ಮಾಡಲು ಹೊರಟಿದ್ದೆ.

ಆ ಸಂಜೆ ಖಾಲಿ ಪುಟವನ್ನು ಅವಳ ಮುಂದಿಟ್ಟು, "ನೀನೇ ಬರಿ" ಎಂದೆ. ನನ್ನ ಲೆಕ್ಕಗಳನ್ನೆಲ್ಲ ಕೇಳಿಸಿಕೊಂಡಳು, ಆಮೇಲೆ ಬರೆಯತೊಡಗಿದಳು. ಮೊದಲನೆಯದು ಬೌರಿಂಗ್.

"ಬೆಂಗಳೂರು ವೈದ್ಯಕೀಯ ಕಾಲೇಜು ಮೊದಲು ಬರಬೇಕಮ್ಮ, 1955ರದು, ವಿಕ್ಟೋರಿಯಾ ಆಸ್ಪತ್ರೆ ಅದರದ್ದೇ" ಎಂದೆ.

"ಬೌರಿಂಗ್ ನಂಗೆ ಗೊತ್ತು ಅಣ್ಣ. ಚೀಟಿ ಎಲ್ಲಿ ಮಾಡ್ತಾರೆ, ಉಸಿರಾಡಕ್ಕೆ ಆಗ್ದೆ ಇರೋರನ್ನ ಎಲ್ಲಿ ಕೂರಿಸ್ತಾರೆ, ಎಲ್ಲಾ ಗೊತ್ತು" ಎಂದಳು.

ನಾನು ಬಾಯಿ ಮುಚ್ಚಿಕೊಂಡೆ. ಪುಟ ತುಂಬಿ ಮಗ್ಗುಲಿಗೆ ತಿರುಗಿತು. ಕಾರವಾರ ಎಂಟನೆಯದು. ಯಾವ ಸರ್ಕಾರಿ ಕಾಲೇಜನ್ನೂ ಅವಳು ಬಿಡಲಿಲ್ಲ.

ಈ ಸಂಚಿಕೆ ನಿಮ್ಮ ಕೈ ಸೇರುವ ಹೊತ್ತಿಗೆ ಅವಳ ಫಲಿತಾಂಶ ಬಂದಿರುವುದಿಲ್ಲ. ನಾನೂ ಈ ಕಾಲೇಜನ್ನು ಬಿಡುವ ಸಿದ್ಧತೆಯಲ್ಲಿರುತ್ತೇನೆ. ಮನೆಗೆ ಮೊದಲ ಪದವೀಧರರಾಗುವ ಗೆಳೆಯರು ಇಲ್ಲಿ ನನ್ನಂತೆ ಅನೇಕರಿದ್ದಾರೆ. ತಮ್ಮತಂಗಿಯರ ಅರ್ಜಿ ತುಂಬುವ ಹೊಣೆ ನಮ್ಮ ಮೇಲೆಯೇ ಬೀಳುತ್ತದೆ. ಅವರಲ್ಲಿ ನನ್ನದೊಂದೇ ವಿನಂತಿ: ಅರ್ಜಿ ನೀವು ತುಂಬಿರಿ, ಆಯ್ಕೆಯನ್ನು ಅವರಿಗೆ ಬಿಡಿರಿ. ಗೊತ್ತಿಲ್ಲದುದನ್ನು ಗೊತ್ತಿಲ್ಲವೆಂದು ಮನೆಯಲ್ಲಿ ಹೇಳಿರಿ. ಮೂರು ವರ್ಷ ಓದಿ ನಾನು ಕಲಿತುದರಲ್ಲಿ ಇದೂ ಒಂದು.

ಪಟ್ಟಿ ಬರೆದ ರಾತ್ರಿ ಅಪ್ಪ ಕೊನೆಯ ರೈಲಿಗೆ ಬಂದರು. ಕೈಕಾಲು ತೊಳೆದು ಊಟಕ್ಕೆ ಕುಳಿತಾಗ ತಂಗಿ ಹೆಸರುಗಳನ್ನೆಲ್ಲ ಓದಿ ಹೇಳಿದಳು. ಅವರಿಗೆ ಅರ್ಧ ಊರುಗಳು ತಿಳಿಯವು. ಮುದ್ದೆ ಮುರಿಯುತ್ತಾ ಒಂದೇ ಮಾತು ಕೇಳಿದರು: "ಆ ಕಾರವಾರಕ್ಕೆ ರೈಲು ಇದೆಯಾ?"

"ಇದೆ ಅಪ್ಪ, ಬೆಂಗಳೂರಿಂದ."

"ರೈಲಿದ್ರೆ ದೂರ ಏನು, ಬಿಡು" ಎಂದು ಅವರು ಸಾರಿಗೆ ಕೈ ಹಾಕಿದರು.