ಅಂಕೋಲಾದಿಂದ ಹಂಪಿಗೆ: ನೆಲದಾಳದ ದಾರಿ

ಭೂಮಿಯ ತೊಗಟೆಯನ್ನು ಹತ್ತಾರು ಕಿಲೋಮೀಟರ್ ಆಳದವರೆಗೆ, ಕೊರೆಯದೆಯೇ ಪರೀಕ್ಷಿಸುವ ವಿಧಾನ ಮ್ಯಾಗ್ನೆಟೋಟೆಲ್ಯೂರಿಕ್ ಸಮೀಕ್ಷೆ. ರಷ್ಯಾದ ಟಿಖೊನೊವ್ 1950ರಲ್ಲಿ, ಫ್ರಾನ್ಸಿನ ಕಾನ್ಯಾರ್ 1953ರಲ್ಲಿ ಇದಕ್ಕೆ ಬುನಾದಿ ಹಾಕಿದರು. ದೂರದ ಸಿಡಿಲುಗಳು, ಸೌರಮಾರುತಕ್ಕೆ ಅಲುಗುವ ಭೂಕಾಂತಕ್ಷೇತ್ರ ಎರಡೂ ನೆಲದೊಳಗೆ ಸಣ್ಣ ವಿದ್ಯುತ್ ಪ್ರವಾಹ ಹುಟ್ಟಿಸುತ್ತವೆ. ಏರಿಳಿತ ನಿಧಾನವಾದಷ್ಟೂ ಅದು ಆಳಕ್ಕಿಳಿಯುತ್ತದೆ. ನೆಲದ ಮೇಲೆ ವಿದ್ಯುತ್ ಕ್ಷೇತ್ರ, ಕಾಂತಕ್ಷೇತ್ರಗಳನ್ನು ಒಟ್ಟಿಗೆ ಅಳೆದರೆ ಆಳದ ಬಂಡೆ ವಿದ್ಯುತ್ತನ್ನು ಎಷ್ಟು ತಡೆಯುತ್ತದೆಂಬುದು ಲೆಕ್ಕಕ್ಕೆ ಸಿಗುತ್ತದೆ.

ಧಾರವಾಡ ಶಿಲಾಸಮೂಹವನ್ನು ಪಶ್ಚಿಮದಿಂದ ಪೂರ್ವಕ್ಕೆ ದಾಟಲು ನಾವು ಹಿಡಿದದ್ದು ಅಂಕೋಲಾ–ಹುಬ್ಬಳ್ಳಿ–ಗದಗ–ಹೊಸಪೇಟೆ ಹೆದ್ದಾರಿ. ಅಂಕೋಲಾದಲ್ಲಿ ಉಪ್ಪುನೀರಿನ ಕಡಲೇ ದೊಡ್ಡ ವಾಹಕ. ಅದು ದಂಡೆಯ ಅಳತೆಗಳನ್ನು ತಿರುಚುವುದರಿಂದ ಲೆಕ್ಕದಲ್ಲಿ ಕಡಲನ್ನೂ ಸೇರಿಸಿಕೊಳ್ಳಬೇಕು. ಯಲ್ಲಾಪುರದ ಕಾಡು ದಾಟಿ ಹುಬ್ಬಳ್ಳಿ ತಲುಪಿದರೆ ತೊಡಕೇ ಬೇರೆ: ರೈಲಿನ ತಂತಿ, ಪಂಪ್‌ಸೆಟ್, 50 ಹರ್ಟ್ಸ್‌ನ ಗದ್ದಲ.

ಹಾಗಾಗಿ ಸಮೀಕ್ಷೆಗೆ ತಂತಿಗಳಿಂದ ದೂರದ ಹೊಲವೇ ಬೇಕು. ನಾಲ್ಕು ದಿಕ್ಕಿಗೆ ಗುಂಡಿ ತೋಡಿ, ಒದ್ದೆ ಮಣ್ಣಿನಲ್ಲಿ ಸೀಸದ ಕ್ಲೋರೈಡ್ ತುಂಬಿದ ಎಲೆಕ್ಟ್ರೋಡ್‌ಗಳನ್ನು ಕೂರಿಸುತ್ತಾರೆ. ಕಾಂತಕ್ಷೇತ್ರ ಅಳೆಯುವ ಸುರುಳಿಗಳನ್ನು ಕಂಪಾಸ್ ಹಿಡಿದು ಸರಿಯಾಗಿ ಮಲಗಿಸಿ ಹೂಳುತ್ತಾರೆ. ಕೇಬಲ್ ಗಾಳಿಗೆ ಅಲುಗಿದರೂ ಸುಳ್ಳು ಸಂಕೇತ ಹುಟ್ಟುತ್ತದೆ, ಅದಕ್ಕೇ ಉದ್ದಕ್ಕೂ ಅದರ ಮೇಲೆ ಮಣ್ಣು ಹೇರಬೇಕು. ಆಳದ ಸಂಕೇತ ಬಲು ನಿಧಾನದ್ದು, ರಾತ್ರಿಯಿಡೀ ದಾಖಲಿಸಬೇಕು. ಈ ತಾಳ್ಮೆಯಿಲ್ಲದೆ ಮುಂದಿನ ಗಣಿತಕ್ಕೆ ಬೆಲೆಯಿಲ್ಲ. ದೂರದಲ್ಲಿ ಇನ್ನೊಂದು ಕೇಂದ್ರವನ್ನು ಅದೇ ಹೊತ್ತಿಗೆ ನಡೆಸಿದರೆ, ಎರಡಕ್ಕೂ ಸಾಮಾನ್ಯವಾದ ಸಂಕೇತವನ್ನು ಸ್ಥಳೀಯ ಗದ್ದಲದಿಂದ ಬೇರ್ಪಡಿಸಬಹುದು.

ಗದಗದ ಬಳಿ ಕಪ್ಪತಗುಡ್ಡದ ಸಾಲು ಎದುರಾಗುತ್ತದೆ. ಇಡೀ ದಾರಿಯಲ್ಲಿ ಅತ್ಯಂತ ಮಹತ್ವದ ಜಾಗ ಇದೇ. ಚಿತ್ರದುರ್ಗದಿಂದ ಗದಗದವರೆಗೆ ಚಾಚಿದ ಈ ಶಿಸ್ಟ್ ಪಟ್ಟಿ ಎರಡು ಪ್ರಾಚೀನ ಭೂಖಂಡಗಳ ಬೆಸುಗೆಯ ಗೆರೆಯೆಂದು ಭಾರತೀಯ ಭೂಕಾಂತತ್ವ ಸಂಸ್ಥೆಯ ವಿಜ್ಞಾನಿಗಳು 2004ರಲ್ಲಿ ಪ್ರಕಟಿಸಿದ ಮ್ಯಾಗ್ನೆಟೋಟೆಲ್ಯೂರಿಕ್ ಅಧ್ಯಯನ ಹೇಳುತ್ತದೆ. ಪಟ್ಟಿಯ ಪಶ್ಚಿಮಕ್ಕೆ 300 ಕೋಟಿ ವರ್ಷ ಮೀರಿದ ನೈಸ್ ಬಂಡೆಗಳಿವೆ. ಪೂರ್ವಕ್ಕೆ, ಕೊಪ್ಪಳ ದಾಟಿ ಹಂಪಿಯವರೆಗೆ, ಸುಮಾರು 250 ಕೋಟಿ ವರ್ಷದ ಗ್ರಾನೈಟ್ ಹರಡಿದೆ.

ಹಂಪಿಯ ಹೆಬ್ಬಂಡೆಗಳಂಥ ಒಣ ಗ್ರಾನೈಟ್ ವಿದ್ಯುತ್ತಿಗೆ ಬಲವಾದ ತಡೆ. ಗ್ರಾಫೈಟ್, ಸಲ್ಫೈಡ್ ಅದಿರು, ಬಿರುಕುಗಳಲ್ಲಿನ ಉಪ್ಪುನೀರು ಇವುಗಳಲ್ಲಿ ಯಾವುದಿದ್ದರೂ ತಡೆ ತಗ್ಗುತ್ತದೆ. ಆದ್ದರಿಂದ ಬರಿಯ ಈ ಅಳತೆಯಿಂದ ಆಳದಲ್ಲಿರುವುದು ಯಾವುದೆಂದು ನಿರ್ಧರಿಸಲಾಗದು. ಗುರುತ್ವ ಮತ್ತು ಕಂಪನ ಸಮೀಕ್ಷೆಗಳನ್ನೂ ಜೊತೆಗಿಟ್ಟು ನೋಡುತ್ತಾರೆ. ಕಂಪನದ ಅಲೆಗಳ ಪ್ರಕಾರ ತೊಗಟೆ ಪಶ್ಚಿಮದಲ್ಲಿ 40 ಕಿಲೋಮೀಟರಿಗೂ ಹೆಚ್ಚು ದಪ್ಪ, ಪೂರ್ವದಲ್ಲಿ ಅದಕ್ಕಿಂತ ತೆಳು.