ಮನೆ ಮಾರುವ ಮಾತುಕತೆ

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂದ ನಮ್ಮ ಹಿರಿಯರು ಮನೆ ಮಾರುವ ಕಷ್ಟವನ್ನು ಮಾತ್ರ ಹೇಳದೆ ಬಿಟ್ಟರು. ಅವರ ಕಾಲದಲ್ಲಿ ಮನೆ ಮಾರುವುದೆಂದರೆ ಮನೆತನವು ಕೆಟ್ಟಿತೆಂದೇ ಅರ್ಥವಾಗಿತ್ತು; ಆದುದರಿಂದ ಆ ವಿಷಯವನ್ನು ಯಾರೂ ಬಾಯಿಬಿಟ್ಟು ಆಡುತ್ತಿರಲಿಲ್ಲ, ಮಕ್ಕಳಿಗೆ ಕಲಿಸುತ್ತಲೂ ಇರಲಿಲ್ಲ. ಈಗ ಕಾಲವು ಬೇರೆ. ಮಕ್ಕಳು ಉದ್ಯೋಗಕ್ಕೆಂದು ಊರು ಬಿಡುತ್ತಾರೆ, ವೃದ್ಧರಾದ ತಂದೆತಾಯಿಗಳು ಅವರ ಬಳಿಗೆ ಹೋಗುತ್ತಾರೆ, ಹಳೆಯ ಮನೆಯು ಬೀಗ ಹಾಕಿಸಿಕೊಂಡು ನಿಲ್ಲುತ್ತದೆ. ಇಷ್ಟಾದರೂ ಹಿಂದಿನ ನಾಚಿಕೆಯು ನಮ್ಮನ್ನು ಬಿಟ್ಟಿಲ್ಲ. ನೆರೆಯವರಿಗೆ ತಿಳಿಯದಂತೆ ಮಾರಿಬಿಡಬೇಕೆಂದು ಮೊದಲು ಬಂದವನಿಗೇ ಒಪ್ಪಿಬಿಡುವ ಗೃಹಸ್ಥರು ಬಹಳ ಮಂದಿ. ಕೊಳ್ಳುವವನು ಒಬ್ಬನೇ ಇರುವಲ್ಲಿ ಬೆಲೆಯನ್ನು ಗೊತ್ತುಮಾಡುವವನು ಆತನೇ ಹೊರತು ಮಾರುವವನಲ್ಲ.

ಗುಬ್ಬಿಯಲ್ಲಿ ನಮ್ಮ ತಂದೆಯವರು ತಮ್ಮ ಸಂಪಾದನೆಯಿಂದ ಕಟ್ಟಿಸಿದ ಹೆಂಚಿನ ಮನೆಯೊಂದಿತ್ತು. ಅವರು ಉಯಿಲು ಬರೆಯದೆ ತೀರಿಕೊಂಡರು. ಮಕ್ಕಳಲ್ಲಿ ನಾವೂ ನಮ್ಮ ತಮ್ಮನೂ ತುಮಕೂರಿನಲ್ಲಿ ನೆಲೆಸಿದವರು. ತಂಗಿಯನ್ನು ಕುಣಿಗಲ್ಲಿಗೆ ಕೊಟ್ಟಿದೆ. ವಯಸ್ಸಾದ ತಾಯಿಯವರು ಆ ಮನೆಯಲ್ಲಿ ಒಬ್ಬರೇ ಇರುವುದು ಇನ್ನು ಸಾಧ್ಯವಿಲ್ಲವೆಂದಾದಾಗ ಈಚೆಗೆ ಅದನ್ನು ಮಾರಬೇಕಾಯಿತು. ಆ ಅನುಭವದಿಂದ ನಮಗೆ ಮನದಟ್ಟಾದ ಸಂಗತಿಯೊಂದೇ: ಮನೆಯ ಮಾರಾಟದಲ್ಲಿ ಚೌಕಾಸಿಯು ಗೆಲ್ಲುವುದೂ ಸೋಲುವುದೂ ಕೊಳ್ಳುವವನು ಹೊಸಲು ತುಳಿಯುವುದಕ್ಕೆ ಮೊದಲೇ, ಮನೆಯವರ ನಡುವೆಯೇ.

ದಲ್ಲಾಳಿಗೆ ತಿಳಿಸುವ ಮುನ್ನ ಒಂದು ಭಾನುವಾರ ನಾವೆಲ್ಲರೂ ತಾಯಿಯವರ ಬಳಿ ಸೇರಿದೆವು. ಉಯಿಲಿಲ್ಲದೆ ತೀರಿಕೊಂಡ ಗೃಹಸ್ಥನ ಸ್ವಯಾರ್ಜಿತ ಮನೆಯಲ್ಲಿ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು ಎಲ್ಲರೂ ಸಮಭಾಗಿಗಳೆಂದು 1956ರ ಹಿಂದೂ ಉತ್ತರಾಧಿಕಾರದ ಕಾನೂನು ಹೇಳುತ್ತದೆ. ಪಿತ್ರಾರ್ಜಿತ ಆಸ್ತಿಯಲ್ಲಿಯೂ ಹೆಣ್ಣುಮಕ್ಕಳಿಗೆ ಗಂಡುಮಕ್ಕಳಷ್ಟೇ ಹಕ್ಕನ್ನು ಕರ್ನಾಟಕವು 1994ರಲ್ಲಿ ತಂದ ತಿದ್ದುಪಡಿಯೂ, ಇಡೀ ದೇಶಕ್ಕೆ 2005ರಲ್ಲಿ ಬಂದ ತಿದ್ದುಪಡಿಯೂ ಕೊಟ್ಟಿವೆ. 2020ರಲ್ಲಿ ಸುಪ್ರೀಂ ಕೋರ್ಟು ಅದನ್ನು ಮತ್ತಷ್ಟು ಸ್ಪಷ್ಟಪಡಿಸಿತು. ‘ತಂಗಿಯ ರುಜುವನ್ನು ಕೊನೆಯಲ್ಲಿ ಹಾಕಿಸಿಕೊಂಡರಾಯಿತು’ ಎಂಬ ಮಾತು ಎಷ್ಟೋ ಮನೆಗಳಲ್ಲಿ ಕೇಳಿಬರುತ್ತದೆ. ಇದು ನ್ಯಾಯವೂ ಅಲ್ಲ, ಜಾಣತನವೂ ಅಲ್ಲ. ಮುಂಗಡ ಕೊಟ್ಟ ಮೇಲೆ ಭಾಗಸ್ಥರಲ್ಲಿ ಒಬ್ಬರು ಒಪ್ಪಲಿಲ್ಲವೆಂದರೆ ಕೊಳ್ಳುವವನ ಕೈ ಮೇಲಾಗುತ್ತದೆ. ಮಾರುವವರು ಬೆಲೆಯನ್ನಾದರೂ ಇಳಿಸಬೇಕು, ಇಲ್ಲವೆ ನ್ಯಾಯಾಲಯದ ಮೆಟ್ಟಿಲನ್ನಾದರೂ ಹತ್ತಬೇಕು.

ನಮ್ಮ ತಂಗಿಯು ತನ್ನ ಪಾಲಿನ ಮಾತನ್ನೇ ಎತ್ತಲಿಲ್ಲ. “ಅಣ್ಣಾ, ಬೆಲೆ ಆಮೇಲೆ. ಅಮ್ಮನ ಮನಸ್ಸಿನಲ್ಲಿ ಏನಿದೆಯೋ ಕೇಳಿದಿರಾ?” ಎಂದಳು. ತಾಯಿಯವರು ಬಹಳ ಹೊತ್ತು ಸುಮ್ಮನಿದ್ದು, ಮಾಘದಲ್ಲಿ ಬರುವ ತಂದೆಯವರ ತಿಥಿಯನ್ನು ಆ ಮನೆಯಲ್ಲಿಯೇ ಮತ್ತೊಮ್ಮೆ ಮಾಡಿ ಹೊರಡಬೇಕೆಂಬ ಆಸೆಯನ್ನು ಹೇಳಿದರು. ಆ ದಿನವೇ ಒಂದು ಕಾಗದದ ಮೇಲೆ ಮೂರು ಸಂಗತಿಗಳನ್ನು ಬರೆದೆವು. ಕೇಳುವ ಬೆಲೆ 48 ಲಕ್ಷ ರೂಪಾಯಿ. 44 ಲಕ್ಷಕ್ಕೆ ಕೆಳಗೆ ಯಾರೂ ಒಪ್ಪತಕ್ಕದ್ದಲ್ಲ. ಯುಗಾದಿಗೆ ಮುಂಚೆ ಮನೆ ಬಿಡತಕ್ಕದ್ದಲ್ಲ. ಮಾತನಾಡುವವರು ಒಬ್ಬರೇ ಇರಬೇಕೆಂದೂ ಗೊತ್ತಾಯಿತು. ಅಣ್ಣನು ಒಂದು ಬೆಲೆಯನ್ನೂ ತಮ್ಮನು ಇನ್ನೊಂದು ಬೆಲೆಯನ್ನೂ ಹೇಳಿದರೆ ಕೊಳ್ಳುವವನು ಕಡಿಮೆಯದನ್ನೇ ಹಿಡಿಯುವನಷ್ಟೆ?

ಬೆಲೆಯನ್ನು ಗೊತ್ತುಮಾಡುವುದರಲ್ಲಿ ಮನೆಯವರ ಮಮತೆಯೂ ಊರಿನ ಗಾಳಿಸುದ್ದಿಯೂ ದಾರಿ ತಪ್ಪಿಸುವುದುಂಟು. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ 2023ರ ಫೆಬ್ರವರಿಯಲ್ಲಿ ಹೆಲಿಕಾಪ್ಟರು ಕಾರ್ಖಾನೆಯು ಉದ್ಘಾಟನೆಯಾಯಿತು. ಕುಣಿಗಲ್ಲಿನ ಮಾರ್ಗವಾಗಿ ಬೆಂಗಳೂರಿಗೂ ಹಾಸನಕ್ಕೂ 2017ರಿಂದ ರೈಲು ಓಡುತ್ತಿದೆ. ಬೆಂಗಳೂರಿನ ಮೆಟ್ರೋ ತುಮಕೂರಿನವರೆಗೂ ಬರುವುದೆಂಬ ಮಾತು ಜನರ ಬಾಯಲ್ಲಿ ಬಹಳವಾಗಿ ಆಡುತ್ತಿದೆ. ಇವನ್ನೆಲ್ಲ ಲೆಕ್ಕಕ್ಕೆ ಹಿಡಿದು ನಮ್ಮ ತಮ್ಮನು ಬೆಲೆಯನ್ನು ಏರಿಸಹೊರಟಾಗ ತಾಯಿಯವರು, “ಆಕಾಶದಲ್ಲಿ ಹೆಲಿಕಾಪ್ಟರು ಹಾರಿದರೆ ನಮ್ಮ ಹೆಂಚು ಚಿನ್ನವಾಗುತ್ತದೇನಪ್ಪ?” ಎಂದು ನಕ್ಕರು. ಮಾರುವವನು ನಾಳೆಯ ಬೆಲೆಯನ್ನು ಕೇಳುತ್ತಾನೆ, ಕೊಳ್ಳುವವನು ಇಂದಿನ ಬೆಲೆಯನ್ನು ಕೊಡುತ್ತಾನೆ. ಅದೇ ಬೀದಿಯಲ್ಲಿ ಈಚೆಗೆ ನಡೆದ ಮಾರಾಟಗಳನ್ನು ವಿಚಾರಿಸುವುದೇ ಸರಿಯಾದ ದಾರಿ. ಉಪನೋಂದಣಿ ಕಚೇರಿಯ ಮಾರ್ಗಸೂಚಿ ದರವು ಸ್ಟಾಂಪು ಶುಲ್ಕದ ಲೆಕ್ಕಕ್ಕಾಗಿ ಏರ್ಪಟ್ಟುದು; ಅದನ್ನೇ ಪೇಟೆಯ ಬೆಲೆಯೆಂದು ತಿಳಿಯಲಾಗದು.

ಬೆಲೆಯಷ್ಟೇ ಮುಖ್ಯವಾದುದು ಕಾಗದಪತ್ರಗಳ ಸಿದ್ಧತೆ. ಮೂಲ ಕ್ರಯಪತ್ರ, ತಂದೆಯವರ ಮರಣಪತ್ರ, ವಂಶವೃಕ್ಷ, ಕಂದಾಯದ ರಸೀದಿಗಳು, ಋಣಭಾರ ಪತ್ರ ಇವೆಲ್ಲವನ್ನೂ ಒಂದು ಕಟ್ಟಿನಲ್ಲಿರಿಸಿದೆವು. ಪಟ್ಟಣಗಳ ಆಸ್ತಿಯ ನೋಂದಣಿಗೆ 2024ರ ಅಕ್ಟೋಬರಿನಿಂದ ರಾಜ್ಯದಲ್ಲೆಲ್ಲ ಇ-ಖಾತೆಯು ಕಡ್ಡಾಯವಾಗಿದೆ. ಪಟ್ಟಣ ಪಂಚಾಯಿತಿಯಲ್ಲಿ ಖಾತೆಯನ್ನು ತಾಯಿಮಕ್ಕಳ ಹೆಸರಿಗೆ ಮಾಡಿಸಿ ಅದನ್ನು ಪಡೆದ ಮೇಲೆಯೇ ದಲ್ಲಾಳಿಯನ್ನು ಕರೆದೆವು. ಕಾಗದವು ಕೈಯಲ್ಲಿಲ್ಲದವನು ದಿನ ಕಳೆದಂತೆಲ್ಲ ಬೆಲೆಯಲ್ಲಿ ಇಳಿಯಲೇಬೇಕಾಗುತ್ತದೆ.

ಮೂರು ಕಡೆಯವರು ಬಂದು ನೋಡಿದರು. ಕೊನೆಗೆ ನಿಂತವರು ಬಾಡಿಗೆ ಮನೆಯಲ್ಲಿದ್ದ ಉಪಾಧ್ಯಾಯ ದಂಪತಿಗಳು. ಮಳೆಗಾಲದಲ್ಲಿ ಹಿತ್ತಿಲ ಗೋಡೆಯಲ್ಲಿ ನೀರು ಜಿನುಗುವುದೆಂದು ನಾವೇ ಅವರಿಗೆ ತೋರಿಸಿದೆವು. ದಲ್ಲಾಳಿಯು ಕಣ್ಣುಸನ್ನೆ ಮಾಡಿದನು. ಆದರೆ ಮಾರುವವನಿಗೆ ತಿಳಿದಿದ್ದು, ಕೊಳ್ಳುವವನಿಗೆ ಸಾಮಾನ್ಯ ಎಚ್ಚರಿಕೆಯಿಂದಲೂ ಕಾಣಿಸದಂಥ ಮುಖ್ಯ ದೋಷವನ್ನು ಹೇಳಲೇಬೇಕೆಂದು 1882ರ ಆಸ್ತಿ ವರ್ಗಾವಣೆಯ ಕಾನೂನಿನಲ್ಲಿಯೇ ಇದೆ. ದೋಷವನ್ನು ತಾನಾಗಿ ಹೇಳಿದವನ ಉಳಿದ ಮಾತುಗಳಿಗೆ ಬೆಲೆ ಬರುತ್ತದೆಂಬುದು ಅದಕ್ಕಿಂತ ದೊಡ್ಡ ಲಾಭ.

ಅವರು 40 ಲಕ್ಷವೆಂದರು. ಕೂಡಲೇ ಇನ್ನೊಂದು ಅಂಕಿಯನ್ನು ಹೇಳದೆ, ಆ ಬೆಲೆಯು ಹೇಗೆ ಬಂದಿತೆಂದು ಕೇಳಿದೆವು. ಗೋಡೆಯ ರಿಪೇರಿ, ಬ್ಯಾಂಕಿನ ಸಾಲದ ಬಡ್ಡಿ, ನೋಂದಣಿಯ ಖರ್ಚು ಎಂದು ಅವರು ಒಂದೊಂದನ್ನೇ ಬಿಡಿಸಿ ಹೇಳಿದರು. ನೋಂದಣಿ ಶುಲ್ಕವು 2025ರ ಆಗಸ್ಟ್ 31ರಿಂದ ನೂರಕ್ಕೆ 1ರಿಂದ 2ಕ್ಕೆ ಏರಿದೆ. 45 ಲಕ್ಷದ ಮನೆಗೆ ಅದೊಂದೇ 90,000 ರೂಪಾಯಿ, ನೂರಕ್ಕೆ 5ರಂತೆ ಸ್ಟಾಂಪು ಶುಲ್ಕವು 2,25,000 ರೂಪಾಯಿ. ಅವರ ಕಷ್ಟವು ಕಟ್ಟುಕತೆಯಲ್ಲವೆಂದು ತಿಳಿಯಿತು. ಗೋಡೆಗೆ ಮೇಸ್ತ್ರಿಯನ್ನು ಕರೆಸಿ ಅಂದಾಜು ಮಾಡಿಸಿದಾಗ ಅವರು ಹೆದರಿದ್ದ ಖರ್ಚಿನಲ್ಲಿ ಅರ್ಧಕ್ಕಿಂತ ಕಡಿಮೆಯೇ ಆಯಿತು. ಮಾತು 46 ಲಕ್ಷಕ್ಕೆ ಬಂದು ನಿಂತಿತು. ಅವರಿಗೆ ಸಂಕ್ರಾಂತಿಯೊಳಗೆ ಮನೆ ಬೇಕು. ನಮಗೆ ಯುಗಾದಿಯವರೆಗೆ ಬೇಕು. ಹೆಚ್ಚಿನ ತಿಂಗಳುಗಳ ಬಾಡಿಗೆಯು ಅವರಿಗೆ ಹೊರೆಯಾದುದರಿಂದ ಒಂದು ಲಕ್ಷವನ್ನು ಬಿಟ್ಟುಕೊಟ್ಟು, ಅದಕ್ಕೆ ಪ್ರತಿಯಾಗಿ ಅವಧಿಯನ್ನು ಪಡೆದೆವು. 45 ಲಕ್ಷಕ್ಕೆ ಒಪ್ಪಂದವಾಯಿತು. ಏನನ್ನಾದರೂ ಬಿಡುವಾಗ ಮತ್ತೇನನ್ನಾದರೂ ಕೇಳಿ ಪಡೆಯುವುದೇ ಚೌಕಾಸಿಯ ಧರ್ಮ. ಸುಮ್ಮನೆ ಇಳಿದರೆ ಇನ್ನೂ ಇಳಿಯಬಹುದೆಂದೇ ಎದುರಿನವರು ಎಣಿಸುತ್ತಾರೆ.

ಹಣದಲ್ಲಿ ಸ್ವಲ್ಪ ಭಾಗವನ್ನು ನಗದಾಗಿ ತೆಗೆದುಕೊಂಡು ಪತ್ರದಲ್ಲಿ ಕಡಿಮೆ ಬರೆಯಬಹುದೆಂಬ ಸೂಚನೆಯು ದಲ್ಲಾಳಿಯಿಂದ ಬಂದಿತು. ಮನೆಯ ಮಾರಾಟದಲ್ಲಿ 20,000 ರೂಪಾಯಿಯನ್ನಾಗಲಿ ಅದಕ್ಕೆ ಮೇಲ್ಪಟ್ಟುದನ್ನಾಗಲಿ ನಗದಾಗಿ ಪಡೆಯುವುದಕ್ಕೆ 2015ರಿಂದ ನಿಷೇಧವಿದೆ. ಆದುದರಿಂದ ಮುಂಗಡವನ್ನೂ ಬ್ಯಾಂಕಿನ ಮೂಲಕವೇ ಪಡೆದೆವು. ಪೂರ್ತಿ ಹಣವು ಸೇರಿ ಕ್ರಯಪತ್ರವು ನೋಂದಣಿಯಾಗುವವರೆಗೆ ಬೀಗದ ಕೈಯನ್ನು ಕೊಡಲಾಗದೆಂಬುದನ್ನೂ ಕರಾರಿನಲ್ಲಿಯೇ ಬರೆಯಿಸಿದೆವು.

ಇನ್ನೂ ಕಾದಿದ್ದರೆ ಮತ್ತೆರಡು ಲಕ್ಷ ಬರುತ್ತಿತ್ತೆಂದು ಹೇಳಿದ ನೆಂಟರುಂಟು. ಬರುತ್ತಿತ್ತೋ ಏನೋ. ಮಾಘದಲ್ಲಿ ತಿಥಿಯು ಆ ಮನೆಯಲ್ಲಿಯೇ ನಡೆಯಿತು. ತಂಗಿಯು ಎರಡು ದಿನ ಮುಂಚೆಯೇ ಬಂದು ಅಡಿಗೆಗೆ ನಿಂತಳು. ಹಣವು ನಾಲ್ಕು ಸಮಪಾಲಾಗಿ, ತಾಯಿಯವರ ಪಾಲು ಅವರ ಹೆಸರಿನಲ್ಲಿಯೇ ಬ್ಯಾಂಕಿನಲ್ಲಿದೆ. ಅವರೀಗ ಕೆಲವು ತಿಂಗಳು ನಮ್ಮಲ್ಲಿ, ಕೆಲವು ತಿಂಗಳು ಕುಣಿಗಲ್ಲಿನಲ್ಲಿ ಇರುತ್ತಾರೆ. ಕೆಳಗಿನ ಬೆಲೆಯನ್ನು ಎಲ್ಲರೂ ಕೂಡಿ ಗೊತ್ತುಮಾಡಿದ್ದುದರಿಂದ ‘ನೀನು ಕಡಿಮೆಗೆ ಕೊಟ್ಟೆ’ ಎಂದು ಒಬ್ಬರನ್ನೊಬ್ಬರು ದೂರುವ ಪ್ರಸಂಗವೇ ಬರಲಿಲ್ಲ. ಮನೆ ಮಾರಿದ ಮೇಲೆಯೂ ಒಡಹುಟ್ಟಿದವರು ಒಂದೇ ಪಂಕ್ತಿಯಲ್ಲಿ ಕುಳಿತು ಉಣ್ಣುವಂತಿದ್ದರೆ, ಆ ವ್ಯಾಪಾರವು ಲಾಭದ್ದೆಂದೇ ತಿಳಿಯತಕ್ಕದ್ದು.